ಆಯ್ತಪ್ಪನ ವ್ಯಾಪಾರ

ಗಣಿ ಕ್ಯಾಂಪ್, ಅಡುಗೆಮನೆ
ಫೆಬ್ರವರಿ 4

ಆಯ್ತಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವ ಮೊದಲೇ ಒಂದು ಕೆಲಸ ಹೇಳಿಬಿಡುತ್ತೇನೆ, ಯಾಕೆಂದರೆ ಕಾಗದದ ಕೊನೆಯಲ್ಲಿ ಬರೆದದ್ದನ್ನು ನೀನು ಓದುವುದೇ ಇಲ್ಲ.

ನಿನ್ನ ಮಂಚದ ಕೆಳಗಿರುವ ನನ್ನ ಅಕಾರ್ಡಿಯನ್ ಮಾರಿಬಿಡು. ಯೋಚಿಸಿಯೇ ಹೇಳುತ್ತಿದ್ದೇನೆ. ಆರ್ಕೆಸ್ಟ್ರಾ ಬಿಟ್ಟು ಇಲ್ಲಿಗೆ ಅಡುಗೆಯವಳಾಗಿ ಬಂದ ಮೇಲೆ ಅದನ್ನು ನಾನು ಮುಟ್ಟಿಲ್ಲ. ನಿನ್ನ ಬೀದಿಯ ತುದಿಯಲ್ಲಿ, ಬಸ್ ನಿಲ್ದಾಣದ ಎದುರು ಇರುವ ಮೂಲೆ ಅಂಗಡಿ ಖಾಲಿಯಾಗುತ್ತಿದೆ. ಮಾಲೀಕಮ್ಮ ನನಗೆ ಬರೆದಿದ್ದಾರೆ: ಏಪ್ರಿಲ್ ಮಧ್ಯದೊಳಗೆ ಮುಂಗಡ ಕೊಟ್ಟರೆ ನನಗೆ, ಇಲ್ಲದಿದ್ದರೆ ಚಪ್ಪಲಿ ವ್ಯಾಪಾರದವನಿಗೆ. ಎರಡು ಒಲೆ, ನಾಲ್ಕು ಮೇಜು, ಬೀದಿಗೆ ತೆರೆಯುವ ಒಂದು ಕಿಟಕಿ, ಅಷ್ಟೇ. ತಿಂದು 'ಚೆನ್ನಾಗಿತ್ತು' ಎಂದೂ ಹೇಳದೆ ಎದ್ದು ಹೋಗುವ ಗಂಡಸರಿಗೆ ಬೇಯಿಸಿ ಬೇಯಿಸಿ ನಾನೇ ಬೆಂದಿದ್ದೇನೆ. ನನಗೆ ನನ್ನದೇ ಒಂದು ಒಲೆ ಬೇಕು. ಮುಂಗಡದ ಅರ್ಧ ನನ್ನ ಉಳಿತಾಯದಲ್ಲಿದೆ, ಇನ್ನರ್ಧ ಆ ಪೆಟ್ಟಿಗೆಯಲ್ಲಿದೆ.

ಈಗ ಹೇಗೆ ಮಾರಬೇಕೆಂದು ಕೇಳು. ಇಲ್ಲಿ ಸ್ಟೋರ್ ನೋಡಿಕೊಳ್ಳುವ ಮಾಮ ಹಿಂದೆ ಆ್ಯಪ್‌ನಲ್ಲಿ ತನ್ನ ಕ್ಯಾಮೆರಾ ಮಾರಿದ್ದ. ಕೊಂಡವನು 'ಕೆಟ್ಟಿದೆ' ಎಂದು ಅದೇ ಥರದ ಇನ್ನೊಂದು ಕೆಟ್ಟ ಕ್ಯಾಮೆರಾ ವಾಪಸ್ಸು ಕಳಿಸಿದ. ಆಮೇಲೆ ಮಾಮ ಯಾರ ಮುಂದೆ ಅತ್ತರೂ ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅವನು ಹೇಳಿದ ಬುದ್ಧಿಮಾತು ಇದು. 'ಆ್ಯಪ್ ಬೇಡ, ನೇರ ಮಾತಾಡೋಣ' ಎನ್ನುವವನ ಜೊತೆ ಮಾತೇ ಬೇಡ. 'ದುಡ್ಡು ಹಾಕಿದೆ' ಎಂಬ ಚಿತ್ರ ಕಳಿಸಿದರೆ ಅದನ್ನು ನಂಬದೆ ನಿನ್ನ ಖಾತೆ ತೆಗೆದು ನೋಡು. ಎಲ್ಲಕ್ಕಿಂತ ಮುಖ್ಯ, ವಾದ್ಯದ ಮುಚ್ಚಳ ಬಿಚ್ಚಿ ಒಳಗಿನ ರೀಡುಗಳನ್ನು ತೋರಿಸಿ, ಡಬ್ಬಕ್ಕೆ ಟೇಪು ಸುತ್ತಿ ಮುಗಿಸುವವರೆಗೆ ನಡುವೆ ನಿಲ್ಲಿಸದೆ ಒಂದೇ ವಿಡಿಯೊ ಮಾಡು. ರೀಡು ಅಂದರೆ ಗಾಳಿ ಬಡಿದಾಗ ದನಿ ಕೊಡುವ ಪುಟ್ಟ ಉಕ್ಕಿನ ನಾಲಿಗೆಗಳು. ಅದರ ಬೆಲೆಯೆಲ್ಲ ಅವುಗಳಲ್ಲೇ ಇದೆ, ಹೊರಗಿನದು ಬರೀ ಥಳುಕು.

ಇಲ್ಲಿಯ ಮೊಬೈಲ್ ಟವರ್ ಇನ್ನೂ ಸರಿಯಾಗಿಲ್ಲ. ಕಚೇರಿಯ ಫೋನು ಯಾರಾದರೂ ಸತ್ತರೆ ಮಾತ್ರ. ತರಕಾರಿ ಲಾರಿ ತಂದ ಟಪಾಲೇ ಗತಿ, ಆದ್ದರಿಂದ ಕೂಡಲೇ ಬರೆ. ಹೇಗಿದ್ದೀಯ?

ಅಕ್ಕ


ಕನ್ನಡಕದ ಅಂಗಡಿಯ ಮಹಡಿ
ಫೆಬ್ರವರಿ 11

ಅಕ್ಕನಿಗೆ,

ಅಮ್ಮ ಇಟ್ಟ ಹೆಸರನ್ನು ನೀನಿನ್ನೂ ಬಿಟ್ಟಿಲ್ಲ. ಏನು ಹೇಳಿದರೂ 'ಆಯ್ತು' ಅನ್ನುವ ಮನುಷ್ಯ ಮನೆಗೊಬ್ಬ ಇರಲಿ ಬಿಡು, 'ಆಗಲ್ಲ' ಅನ್ನುವುದಕ್ಕೆ ನೀನಿದ್ದೀಯಲ್ಲ.

ಅಕಾರ್ಡಿಯನ್ ಒರೆಸಿ, ಫೋಟೊ ತೆಗೆದು ಹಾಕಿದ್ದೇನೆ. ಕನ್ನಡಕ ಒರೆಸುವ ಬಟ್ಟೆಯಲ್ಲೇ ಒರೆಸಿದೆ, ಫಳಫಳ ಹೊಳೆಯುತ್ತಿದೆ. ಕೇಳಿದವರ ಕಥೆ ಕೇಳು. ಒಬ್ಬ ತನ್ನ ಮೀನಿನ ತೊಟ್ಟಿ ಕೊಡುತ್ತಾನಂತೆ, ಮೀನು ಸಮೇತ. ಒಬ್ಬಾಕೆ 'ಲಾಸ್ಟ್ ಎಷ್ಟು' ಎಂದು ಕೇಳಿ, ನಾನು ಹೇಳಿದ ಮೇಲೆ 'ಅಲ್ಲ, ಲಾಸ್ಟ್ ಲಾಸ್ಟ್ ಎಷ್ಟು' ಎಂದಳು. ಇನ್ನೊಬ್ಬ ತಾನು ದೂರದಲ್ಲಿರುವ ದೊಡ್ಡ ಅಧಿಕಾರಿಯಂತೆ. ಒಂದು ಚೌಕದ ಚಿತ್ರ ಕಳಿಸಿ 'ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ನಿಮಗೆ ಬಂದು ಬೀಳುತ್ತೆ' ಎಂದ. ಖುಷಿಯಲ್ಲಿ ಮೆಟ್ಟಿಲಿಂದಲೇ ಕೂಗಿ ಹೇಳಿ ಒತ್ತುವವನಿದ್ದೆ. ಕೆಳಗಿನಿಂದ ಅಂಗಡಿ ಯಜಮಾನರು 'ಲೋ, ಕೊಡೋಕೆ ಪಿನ್ ಬೇಕು, ತಗೊಳ್ಳೋಕೆ ಯಾಕೋ ಬೇಕು?' ಎಂದರು. ಬಚಾವಾದೆ. ನಿನಗೆ ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ.

ಒಬ್ಬರು ಮಾತ್ರ ಸಭ್ಯಸ್ಥರು. ಮಕ್ಕಳಿಗೆ ಸಂಗೀತ ಹೇಳಿಕೊಡುವ ಮೇಷ್ಟ್ರಂತೆ. ಚೌಕಾಸಿಯೇ ಇಲ್ಲ. ಎಲ್ಲ ಮಾತೂ ಆ್ಯಪ್‌ನಲ್ಲೇ. ದುಡ್ಡನ್ನೂ ಆ್ಯಪ್‌ನವರ ಬಳಿಯೇ ಕಟ್ಟುತ್ತಾರೆ. ವಸ್ತು ಕೈಸೇರಿ ಅವರು ಒಪ್ಪಿದ ಮೇಲೆ ಅದು ನಮಗೆ ಬರುತ್ತದೆ. ನಿನ್ನ ಸ್ಟೋರ್ ಮಾಮನಿಗೂ ಇವರಲ್ಲಿ ತಪ್ಪು ಸಿಗಲಿಕ್ಕಿಲ್ಲ.

ಚೆನ್ನಾಗಿದ್ದೇನೆ.

ತಮ್ಮ


ಗಣಿ ಕ್ಯಾಂಪ್
ಫೆಬ್ರವರಿ 16

ತಮ್ಮಾ,

ಚೌಕಾಸಿ ಮಾಡದವನು ಒಂದೋ ಸಂತ, ಇಲ್ಲವೇ ಕೊಡುವ ಮನಸ್ಸಿಲ್ಲದವನು. ಮಾಮನಿಗೆ ನಿನ್ನ ಕಾಗದ ಓದಿ ಹೇಳಿದೆ. 'ಸಂತರು ಆ್ಯಪ್‌ಗೆ ಬರಲ್ಲಮ್ಮ' ಎಂದ. ಆದರೂ ಮೇಷ್ಟ್ರೇ ಇರಲಿ. ವಿಡಿಯೊ ಮಾತ್ರ ಮರೆಯಬೇಡ. ಕೊರಿಯರ್‌ನವನ ಎದುರು ಡಬ್ಬ ತೂಕ ಹಾಕಿಸಿ ಚೀಟಿ ಇಟ್ಟುಕೋ. ಇವೆರಡು ನಿನ್ನ ಕೈಲಿದ್ದರೆ ಮೇಷ್ಟ್ರು ಕಳ್ಳನಾದರೂ ನನಗೆ ಹೆದರಿಕೆಯಿಲ್ಲ.

ಆ ಅಂಗಡಿಯ ಮುಂದೆ ಒಮ್ಮೆ ಹೋಗಿ ಬಾ. ಕಿಟಕಿಗೆ ಬಾಗಿಲು ಎಷ್ಟು, ಮಳೆ ಒಳಗೆ ಬರುತ್ತದೆಯೇ ನೋಡಿ ಬರೆ.

ಅಕ್ಕ


ಕನ್ನಡಕದ ಅಂಗಡಿಯ ಮಹಡಿ
ಫೆಬ್ರವರಿ 22

ಅಕ್ಕನಿಗೆ,

ಗಡಿಬಿಡಿಯಲ್ಲಿದ್ದೇನೆ. ವಿಡಿಯೊ ವಿಷಯ ಆಯ್ತು. ತೂಕದ ವಿಷಯ ಆಯ್ತು. ಮೇಷ್ಟ್ರು ದುಡ್ಡು ಕಟ್ಟಿದ್ದಾರೆ, ಆ್ಯಪ್‌ನವರೇ ತಿಳಿಸಿದ್ದಾರೆ. ಇನ್ನು ವ್ಯಾಪಾರ ಆಯ್ತು ಅಂತಲೇ ತಿಳಿದುಕೋ.

ಕಿಟಕಿಗೆ ಎರಡು ಬಾಗಿಲು. ಮೇಲೆ ತಗಡಿನ ಸೂರು ಇದೆ, ಮಳೆ ಬರಲಿಕ್ಕಿಲ್ಲ. ಪಕ್ಕದಲ್ಲಿ ಟಿಕೆಟ್ ಕೌಂಟರ್, ಸಾಲಿನಲ್ಲಿ ನಿಂತವರ ಮೂಗು ನೇರ ನಿನ್ನ ಒಲೆಯ ಕಡೆಗೆ.

ತಮ್ಮ


ಗಣಿ ಕ್ಯಾಂಪ್
ಮಾರ್ಚ್ 2

ನನ್ನ ಮುದ್ದು ಆಯ್ತಪ್ಪನಿಗೆ,

ನಿನ್ನ ಕಾಗದವನ್ನು ಆಲೂಗಡ್ಡೆ ಮೂಟೆಯ ಮೇಲೆ ಕೂತು ಓದಿದೆ. ಸಾಲಿನಲ್ಲಿ ನಿಂತವರ ಮೂಗು ನನ್ನ ಒಲೆಯ ಕಡೆಗೆ ಎಂದು ಬರೆದೆಯಲ್ಲ, ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಜನ್ಮದಲ್ಲಿ ಮೊದಲ ಸಲ ಒಂದು ಕೆಲಸವನ್ನು ಹೇಳಿದ ಹಾಗೆ ಮಾಡಿ ಮುಗಿಸಿದ್ದೀಯ. ನಿನ್ನನ್ನು ಬೈದದ್ದರಲ್ಲಿ ಅರ್ಧ ವಾಪಸ್ಸು ತೆಗೆದುಕೊಂಡಿದ್ದೇನೆ, ಉಳಿದರ್ಧ ಇರಲಿ, ಮುಂದೆ ಬೇಕಾಗುತ್ತದೆ.

ನಾನೂ ಒಂದು ಕೆಲಸ ಮಾಡಿದ್ದೇನೆ. ಏನೆಂದು ದುಡ್ಡು ಕೈಗೆ ಬಂದ ದಿನ ಹೇಳುತ್ತೇನೆ.

ಅಕ್ಕ


ಕನ್ನಡಕದ ಅಂಗಡಿಯ ಮಹಡಿ
ಮಾರ್ಚ್ 9

ಅಕ್ಕನಿಗೆ,

ಇಲ್ಲಿ ಸೆಖೆ ಶುರುವಾಗಿದೆ. ಅಂಗಡಿಗೆ ಹೊಸ ಯಂತ್ರ ಬಂದಿದೆ, ಗಾಜನ್ನು ತಾನೇ ಅಳೆದು ತಾನೇ ಉಜ್ಜುತ್ತದೆ. ಫ್ರೇಮಿಗೆ ಕೂರಿಸುವುದು ಮಾತ್ರ ನನ್ನ ಕೆಲಸ. ಯಜಮಾನರ ಬೆಕ್ಕು ಮರಿ ಹಾಕಿದೆ, ಒಂದಕ್ಕೆ ಕಣ್ಣಿನ ಸುತ್ತ ಕಪ್ಪು ಉಂಗುರ. ಅದಕ್ಕೆ 'ಗಿರಾಕಿ' ಎಂದು ಹೆಸರಿಟ್ಟಿದ್ದಾರೆ. ಗಲ್ಲಾಪೆಟ್ಟಿಗೆಯ ಮೇಲೆ ಮಲಗಿದರೆ ಯಾರೂ ಎಬ್ಬಿಸುವ ಹಾಗಿಲ್ಲ. ಮೊನ್ನೆ ಒಬ್ಬಾಕೆ ಅದನ್ನು ನೋಡಿ, ತನ್ನ ಕನ್ನಡಕದ ಪವರ್ ತಪ್ಪಾಗಿದೆ ಎಂದುಕೊಂಡಳು.

ದುಡ್ಡು ಆ್ಯಪ್‌ನವರ ಹತ್ತಿರ ಇದೆ. ಸ್ವಲ್ಪ ತಡವಾಗುತ್ತದಂತೆ. ನಡೆಯುತ್ತಿದೆ.

ನೀನು ಮಾಡಿದ ಕೆಲಸ ಏನು? ಹೇಳಿಬಿಡು.

ತಮ್ಮ


ಗಣಿ ಕ್ಯಾಂಪ್
ಮಾರ್ಚ್ 14

ತಮ್ಮಾ,

ಬೆಕ್ಕಿಗೆ ಅಷ್ಟು ಸಾಲು, ನನ್ನ ದುಡ್ಡಿಗೆ ಮೂರು ತುಂಡು ಮಾತು. ಚಿಕ್ಕವನಿದ್ದಾಗ ಗಾಜಿನ ಲೋಟ ಒಡೆದ ದಿನವೇ ನೀನು ಅಮ್ಮನಿಗೆ ಶಾಲೆಯ ಸುದ್ದಿಯೆಲ್ಲ ಹೇಳುತ್ತಿದ್ದದ್ದು. ಏನು ಒಡೆದಿದ್ದೀಯ?

'ನಡೆಯುತ್ತಿದೆ' ಎಂದರೆ ಯಾರು ನಡೆಯುತ್ತಿದ್ದಾರೆ, ಎಲ್ಲಿಗೆ?

ಅಕ್ಕ


ಕನ್ನಡಕದ ಅಂಗಡಿಯ ಮಹಡಿ
ಮಾರ್ಚ್ 19

ಅಕ್ಕನಿಗೆ,

ಕೂತು ಓದು. ಒಲೆ ಹತ್ತಿರ ಬೇಡ.

ಮೇಷ್ಟ್ರಿಗೆ ವಾದ್ಯ ತಲುಪಿದ ಮರುದಿನವೇ ಅವರು ದೂರು ಹಾಕಿದರು: 'ಅರ್ಧಕ್ಕರ್ಧ ಸ್ವರವೇ ಇಲ್ಲ, ವಾಪಸ್ಸು ತಗೊಳ್ಳಿ.' ಆ್ಯಪ್‌ನವರು ವಾಪಸ್ಸು ತೆಗೆದುಕೊಳ್ಳಲೇಬೇಕು ಎಂದರು. ಡಬ್ಬ ಬಂತು. ಅದೇ ಅಕಾರ್ಡಿಯನ್, ಅದೇ ನಂಬರು, ಬೆಲ್ಟಿನ ಮೇಲೆ ನಿನ್ನ ಹೆಬ್ಬೆರಳು ಸವೆಸಿದ ಗುರುತು ಕೂಡ ಹಾಗೇ ಇದೆ. ತಿದಿ ಎಳೆದು ಕೀ ಒತ್ತಿದೆ. ಉಸ್ ಎಂದು ಗಾಳಿ ಬಂತು, ದನಿ ಬರಲಿಲ್ಲ. ಕನ್ನಡಕದ ಸ್ಕ್ರೂಡ್ರೈವರ್‌ನಿಂದ ಮುಚ್ಚಳ ಬಿಚ್ಚಿ ನೋಡಿದರೆ ಒಳಗೆ ನಿನ್ನ ರೀಡುಗಳಿಲ್ಲ. ಮಕ್ಕಳ ಆಟಿಕೆಯಿಂದ ಕಿತ್ತ ತಗಡಿನ ಚೂರುಗಳನ್ನು ಮೇಣ ಹಚ್ಚಿ ಕೂರಿಸಿದ್ದಾನೆ. ರೀಡು ಕೂರಿಸುವ ಮರದ ಪಟ್ಟಿಗಳೂ ನಮ್ಮವಲ್ಲ.

ಪ್ಯಾಕ್ ಮಾಡುವಾಗಿನ ವಿಡಿಯೊ ಕೊಡಿ ಎಂದು ಆ್ಯಪ್‌ನವರು ಕೇಳಿದರು.

ವಿಡಿಯೊ ಇಲ್ಲ ಅಕ್ಕ. ತೂಕದ ಚೀಟಿಯೂ ಇಲ್ಲ. ವಿಡಿಯೊ ವಿಷಯ ಆಯ್ತು ಎಂದು ಬರೆದದ್ದು ಮಾಡುತ್ತೇನೆ ಎಂಬ ಅರ್ಥದಲ್ಲಿ. ಮಾಡುವವನೇ ಇದ್ದೆ. ಮೇಷ್ಟ್ರು 'ಬೇಗ ಕಳಿಸಿ, ಮಕ್ಕಳು ಕಾಯ್ತಿದ್ದಾರೆ' ಎಂದು ಗಂಟೆಗೊಂದು ಮೆಸೇಜು ಕಳಿಸುತ್ತಿದ್ದರು. ಕೊರಿಯರ್‌ನವನು ಮೆಟ್ಟಿಲ ಮೇಲೆ ನಿಂತು 'ಕೊಡೋದಾದ್ರೆ ಕೊಡಿ ಸಾರ್, ಇಲ್ಲಾಂದ್ರೆ ನಾಳೆ' ಎಂದ. ಫೋನಿನಲ್ಲಿ ಜಾಗವಿರಲಿಲ್ಲ, ಹಳೆಯದನ್ನು ಅಳಿಸುತ್ತಾ ಕೂತರೆ ಅವನು ಹೋಗಿಬಿಡುತ್ತಾನೆ ಅನಿಸಿತು. ಕೊಟ್ಟುಬಿಟ್ಟೆ.

ಈ ತಿಂಗಳ ಮೊದಲ ಕಾಗದದಲ್ಲಿ ನೀನು 'ಮುದ್ದು' ಎಂದು ಬರೆದಿದ್ದೆ. ಅದನ್ನು ಓದಿದ ಮೇಲೆ ನಿಜ ಹೇಳಲು ಬಾಯಿ ಬರಲಿಲ್ಲ.

ತಮ್ಮ


ಗಣಿ ಕ್ಯಾಂಪ್
ಮಾರ್ಚ್ 24

ಆಯ್ತಪ್ಪಾ,

ಹಾಲು ತಂದೆಯಾ ಎಂದರೂ ಆಯ್ತು, ಹಾಲು ತಾ ಎಂದರೂ ಆಯ್ತು. ಮಾಡಿದ್ದಕ್ಕೂ ಅದೇ ಮಾತು, ಮಾಡಬೇಕಾದ್ದಕ್ಕೂ ಅದೇ ಮಾತು, ಮಾಡುವ ಮನಸ್ಸೇ ಇಲ್ಲದ್ದಕ್ಕೂ ಅದೇ ಮಾತು. ಎಷ್ಟು ಅನುಕೂಲವಪ್ಪ ನಿನಗೆ. ನನಗೆ ಮಾತ್ರ ಅದಕ್ಕೆ ಒಂದೇ ಅರ್ಥ ಗೊತ್ತಿತ್ತು, ನನಗೆ ಬೇಕಾದ ಅರ್ಥ.

ನಾನು ಮಾಡಿದ ಕೆಲಸ ಏನೆಂದು ಕೇಳಿದ್ದೆಯಲ್ಲ, ಕೇಳು. ನಿನ್ನ 'ವ್ಯಾಪಾರ ಆಯ್ತು' ಓದಿದ ಮರುದಿನವೇ ಮ್ಯಾನೇಜರಿಗೆ ರಾಜೀನಾಮೆ ಬರೆದುಕೊಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ. ಹೊಸ ಅಡುಗೆಯವನು ಬಂದಾಗಿದೆ. ನನ್ನ ಸೌಟು ಅವನ ಕೈಯಲ್ಲಿದೆ, ಅವನು ಹೇಳಿದ ಈರುಳ್ಳಿ ನಾನು ಹೆಚ್ಚುತ್ತಿದ್ದೇನೆ. ಅವನು ಸಾರಿಗೆ ಉಪ್ಪು ಹಾಕುವುದನ್ನು ನೋಡಿದರೆ ನನಗೆ ಎದೆ ಉರಿಯುತ್ತದೆ. ರಾಜೀನಾಮೆ ಹಿಂದಕ್ಕೆ ಕೊಡಿ ಎಂದು ಕೇಳಿದೆ. 'ಆಗೋಯ್ತಲ್ಲಮ್ಮ' ಎಂದರು. ಅವರ 'ಆಯ್ತು'ಗೆ ಮಾತ್ರ ನಿಜವಾಗಿ ಆಯಿತು ಎಂದೇ ಅರ್ಥ.

ಏಪ್ರಿಲ್ ಮಧ್ಯಕ್ಕೆ ನನ್ನ ಲೆಕ್ಕ ಚುಕ್ತ. ಇಲ್ಲಿ ಮಂಚವಿಲ್ಲ, ಅಲ್ಲಿ ಅಂಗಡಿಯಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ನಾನು ಅಡುಗೆಯವಳು, ಎರಡೂ ನನಗೇ ಬರಬೇಕಾದ್ದೇ.

ನಿನ್ನ ಮೇಲೆ ತುಂಬಾ ಕೋಪ ಬಂದಿದೆ. ಕೋಪ ಇಳಿದ ಮೇಲೆ ಬರೆಯೋಣವೆಂದಿದ್ದೆ, ಲಾರಿ ಹೊರಡುತ್ತಿದೆ.

ಅಕ್ಕ


ಕನ್ನಡಕದ ಅಂಗಡಿಯ ಮಹಡಿ
ಮಾರ್ಚ್ 30

ಅಕ್ಕನಿಗೆ,

ನಿನ್ನ ಕಾಗದ ಬಂತು. ನಿನಗೆ ನಿಜ ಬರೆದ ದಿನವೇ ಅಂಗಡಿಗೆ ರಜೆ ಹಾಕಿ ಆ್ಯಪ್‌ನವರ ಜೊತೆ ಜಗಳಕ್ಕೆ ಕೂತಿದ್ದೆ. ಜಗಳ ಆಡಲು ಮನುಷ್ಯರು ಬೇಕಲ್ಲ. ನಾನು ಒಂದು ಪುಟ ಬರೆದರೆ ಅಲ್ಲಿಂದ 'ನಿಮ್ಮ ತಾಳ್ಮೆಗೆ ಧನ್ಯವಾದ' ಎಂದು ಬರುತ್ತದೆ. ತಾಳ್ಮೆ ಯಾರಿಗಿತ್ತು? ಕೊನೆಗೆ ತೀರ್ಪು ಬಂತು. ಕಳ್ಳ ಒಮ್ಮೆ ನನಗೆ ಹೀಗೆ ಬರೆದಿದ್ದನಂತೆ: 'ಹಳೇ ವಾದ್ಯ ಸಾರ್, ಒಳಗೆ ಕೆಲವು ರೀಡು ಹೋಗಿದ್ರೂ ಹೋಗಿರಬಹುದು. ನಾನು ಹೇಗೋ ನೋಡ್ಕೋತೀನಿ, ಬೇಗ ಕಳಿಸಿ.' ಅದಕ್ಕೆ ನಾನು ಏನು ಬರೆದಿದ್ದೆ ಹೇಳು. ಹೂಂ, ಅದೇ. ಬೇಗ ಕಳಿಸಿ ಎಂದದ್ದಕ್ಕೆ ಬರೆದದ್ದು. ಆ್ಯಪ್‌ನವರಿಗೆ ನಮ್ಮ ಭಾಷೆ ಬರುವುದಿಲ್ಲ, ಯಂತ್ರ ತಿರುಗಿಸಿ ಕೊಡುತ್ತದೆ. ಯಂತ್ರ ಅದನ್ನು 'ಹೌದು, ಹಾಗೆ ಆಗಿದೆ' ಎಂದು ತಿರುಗಿಸಿದೆ. ಮಾರುವವನಿಗೆ ದೋಷ ಗೊತ್ತಿತ್ತು, ಮುಚ್ಚಿಟ್ಟ, ಎಂದು ತೀರ್ಮಾನ. ದುಡ್ಡು ಕಳ್ಳನಿಗೆ ವಾಪಸ್ಸು ಹೋಯಿತು. ರೀಡೂ ಅವನ ಹತ್ತಿರ, ದುಡ್ಡೂ ಅವನ ಹತ್ತಿರ. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನಿಸಿತು. ಗೋಡೆಯ ಆ ಕಡೆ ಕನ್ನಡಕದ ಕಪಾಟಿದೆ.

ಈಗ ಮುಖ್ಯ ವಿಷಯ. ಅದೇ ಆ್ಯಪ್‌ನಲ್ಲಿ ನಿನ್ನ ಅಕಾರ್ಡಿಯನ್ ಕಂಪನಿಯದೇ ರೀಡುಗಳು ಮಾರಾಟಕ್ಕೆ ಬಂದಿವೆ, ಪೂರಾ ಒಂದು ಸೆಟ್ಟು, ಮರದ ಪಟ್ಟಿ ಸಮೇತ. ನಮ್ಮದು ಕಳುವಾದ ವಾರದಲ್ಲೇ. ಮಾರುವವನು ಬೇರೆ ಹೆಸರು ಇಟ್ಟುಕೊಂಡಿದ್ದಾನೆ, 'ವಾದ್ಯ ರಿಪೇರಿ' ಎಂದು. ನನ್ನನ್ನು ಕುರುಡ ಅಂದುಕೊಂಡಿದ್ದಾನೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ರೀಡು ಕೊಂಡೆ, 'ಬಂದದ್ದು ಇದಲ್ಲ' ಎಂದು ದೂರು ಹಾಕಿದೆ, ಅವನ ಆಟಿಕೆ ತಗಡನ್ನೇ ಬೇರೆ ಡಬ್ಬಕ್ಕೆ ತುಂಬಿ ವಾಪಸ್ಸು ಕಳಿಸಿದೆ ಅಂತಲೇ ತಿಳಿದುಕೋ. ಆ್ಯಪ್‌ನವರು ಯಾವಾಗಲೂ ಕೊಂಡವನ ಪರ. ನಮ್ಮ ರೀಡು ನಮಗೆ, ನಮ್ಮ ದುಡ್ಡೂ ನಮಗೆ.

ಬ್ಯಾಂಡಿನ ಮುಖ್ಯಸ್ಥರೊಬ್ಬರು ನಮ್ಮ ಅಂಗಡಿಯ ಗಿರಾಕಿ. ಅಕಾರ್ಡಿಯನ್ ನುಡಿದರೆ ಸಾಕು, ನಗದು ಕೊಟ್ಟು ಕೈಯಲ್ಲೇ ತೆಗೆದುಕೊಂಡು ಹೋಗುತ್ತಾರಂತೆ. ಆ್ಯಪ್ ಬೇಡ, ಕೊರಿಯರ್ ಬೇಡ. ಮೂಲೆ ಅಂಗಡಿ ಕೈತಪ್ಪುವುದಿಲ್ಲ ಅಕ್ಕ. ಈ ಸಲ ನಂಬು.

ತಮ್ಮ


ಗಣಿ ಕ್ಯಾಂಪ್
ಏಪ್ರಿಲ್ 4

ತಮ್ಮಾ,

ಈ ಸಲ ನಿನ್ನ ಭಾಷೆ ಕಲಿತಿದ್ದೇನೆ. 'ಕಳಿಸಿದೆ ಅಂತಲೇ ತಿಳಿದುಕೋ' ಎಂದರೆ ಇನ್ನೂ ಕಳಿಸಿಲ್ಲ ಎಂದರ್ಥ. ಹಾಗಾಗಿ ಸಮಯವಿದೆ, ಕೇಳು.

ಮಾಡು ಎನ್ನುವ ಮಾತು ನಾಲಿಗೆಯ ತುದಿಯಲ್ಲಿದೆ. ಆ ಕಳ್ಳನ ಮುಖಕ್ಕೆ ಅವನದೇ ತಗಡು ಬಡಿದರೆ ನನಗೆ ಪಾಪ ಅನಿಸುವುದಿಲ್ಲ. ಸ್ಟೋರ್ ಮಾಮನಂತೂ ನಿನ್ನ ಕಾಗದ ಕೇಳಿ ಮೇಜು ಗುದ್ದಿ ನಕ್ಕ. ಆದರೆ ಅವನು ಅವನೇ ಹೌದೋ ಎಂದು ನೋಡಿದೆಯಾ? ರಿಪೇರಿ ಮಾಡುವವರು ರೀಡು ಮಾರದೆ ಮತ್ತೇನು ತರಕಾರಿ ಮಾರುತ್ತಾರಾ?

ರೀಡು ಬಂದ ಮೇಲೆ ಎಡಗೈ ಕಡೆಯ ಮರದ ಪಟ್ಟಿಗಳನ್ನು ನೋಡು. ನಮ್ಮದರಲ್ಲಿ ಒಂದು ಪಟ್ಟಿ ಉದ್ದಕ್ಕೂ ಸೀಳಿತ್ತು. ಆರ್ಕೆಸ್ಟ್ರಾ ವ್ಯಾನಿನಿಂದ ಬಿದ್ದಾಗ ಆದದ್ದು, ನಾನೇ ಅಂಟು ಹಾಕಿ ದಾರ ಬಿಗಿದಿದ್ದೆ. ಆ ಸೀಳು ಕಂಡರೆ ನಿನ್ನ ಮನಸ್ಸಿಗೆ ಬಂದದ್ದು ಮಾಡು, ನಾನು ತಡೆಯುವುದಿಲ್ಲ. ಕಾಣದಿದ್ದರೆ ಸುಮ್ಮನೆ ಅವರ ದುಡ್ಡು ಅವರಿಗೆ ಸೇರಲಿ ಬಿಡು. ಅಲ್ಲಿಯವರೆಗೆ ಏನೂ ಮಾಡಬೇಡ. 'ಆಯ್ತು' ಎಂದು ಬರೆಯಲೂ ಬೇಡ.

ಅಕ್ಕ


ಕನ್ನಡಕದ ಅಂಗಡಿಯ ಮಹಡಿ
ಏಪ್ರಿಲ್ 8

ಅಕ್ಕನಿಗೆ,

ಈ ಸಲ ನಿಜವಾಗಿ ಕಳಿಸಿದ್ದೆ. ನಿನಗೆ ಬರೆಯುವ ಹೊತ್ತಿಗೇ ಎಲ್ಲ ಮುಗಿದಿತ್ತು.

ನಿನ್ನ ಕಾಗದ ಬಂದ ಮೇಲೆ ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು, ಅಂಗಡಿಯ ದೊಡ್ಡ ಭೂತಗನ್ನಡಿ ತಂದು ಒಂದೊಂದಾಗಿ ನೋಡಿದೆ. ಸೀಳಿಲ್ಲ. ಅಂಟಿಲ್ಲ. ಮತ್ತೆ ನೋಡಿದೆ. ಯಾವುದಾದರೊಂದರಲ್ಲಿ ಸೀಳು ಕಾಣಲಿ ಎಂದು ಎಷ್ಟು ಬೇಡಿಕೊಂಡೆನೆಂದರೆ, ಮರದ ಗೆರೆಯೇ ಸೀಳಿನ ಹಾಗೆ ಕಂಡಿತು. ಅಲ್ಲ ಅಕ್ಕ. ಇವು ನಮ್ಮವಲ್ಲ.

ರಿಪೇರಿಯವರು ಬರೆದ ಮೆಸೇಜು ಆ್ಯಪ್‌ನಲ್ಲೇ ಇತ್ತು, ಕೋಪದಲ್ಲಿ ನಾನು ಓದಿರಲಿಲ್ಲ. ಇದ್ದ ಹಾಗೇ ನಕಲು ಮಾಡುತ್ತೇನೆ: 'ಸಾರ್, ವಾಪಸ್ಸು ಬಂದ ಡಬ್ಬದಲ್ಲಿ ಬೇರೇನೋ ಇದೆ. ನಾನು ಕಳಿಸಿದ್ದು ಇದಲ್ಲ. ನಿಮ್ಮ ಕಡೆ ಡಬ್ಬ ಅದಲು ಬದಲಾಗಿರಬಹುದು, ಇನ್ನೊಂದ್ಸಲ ನೋಡ್ತೀರಾ? ಕೈ ನಡುಗುತ್ತೆ ಅಂತ ಅಂಗಡಿ ಮುಚ್ತಾ ಇದೀನಿ, ಇದ್ದದ್ದೊಂದೇ ಒಳ್ಳೇ ಸೆಟ್ಟು. ವಿಡಿಯೊ ಮಾಡಬೇಕು ಅಂತ ಗೊತ್ತಿರಲಿಲ್ಲ. ನಿಮಗೆ ತೊಂದರೆ ಕೊಟ್ಟೆ, ಬೇಜಾರು ಮಾಡ್ಕೋಬೇಡಿ.'

ನನ್ನನ್ನು ಕಳ್ಳ ಎನ್ನಲಿಲ್ಲ. ಅದಲು ಬದಲಾಗಿರಬಹುದು ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆ.

ಕೂಡಲೇ ಆ್ಯಪ್‌ನವರಿಗೆ ಬರೆದೆ: ತಪ್ಪು ನನ್ನದು, ದೂರು ಸುಳ್ಳು, ಅವರ ದುಡ್ಡು ಅವರಿಗೆ ಕೊಡಿ. ಉತ್ತರ ತಕ್ಷಣ ಬಂತು. 'ಅಭಿನಂದನೆಗಳು, ನಿಮ್ಮ ಪರವಾಗಿ ತೀರ್ಮಾನವಾಗಿದೆ. ಮುಗಿದ ದೂರನ್ನು ಮತ್ತೆ ತೆರೆಯಲಾಗದು. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?' ನಿಜ ಹೇಳಿದಾಗ ಅವರು ನಂಬಲಿಲ್ಲ. ಸುಳ್ಳು ಹೇಳಿದರೆ ನಂಬಿದರು, ಸುಳ್ಳು ಎಂದು ನಾನೇ ಒಪ್ಪಿಕೊಂಡರೆ ಮತ್ತೆ ನಂಬುತ್ತಿಲ್ಲ. ಮೋಸಗಾರ ಎಂದು ರಿಪೇರಿಯವರ ಖಾತೆಗೆ ಬೀಗ ಹಾಕಿದ್ದಾರೆ, ನಾನು ಬರೆದದ್ದು ಅವರಿಗೆ ತಲುಪುತ್ತಲೂ ಇಲ್ಲ. ನನ್ನ ಹೆಸರಿನ ಪಕ್ಕದಲ್ಲಿ 'ನಂಬಿಕಸ್ಥ' ಎಂದು ಹಸಿರು ಗುರುತು ಬಂದಿದೆ.

ಬ್ಯಾಂಡಿನವರು ಈ ಭಾನುವಾರ ಬರುತ್ತಾರೆ. ಮೇಣ ಹಾಕಿ ಈ ರೀಡುಗಳನ್ನು ಕೂರಿಸಲು ನನಗೆ ಒಂದು ಮಧ್ಯಾಹ್ನ ಸಾಕು. ಕೂರಿಸಿದರೆ ನಿನಗೆ ಅಂಗಡಿ. ನಿನ್ನನ್ನು ಬೀದಿಗೆ ತಂದವನು ನಾನು, ಆದ್ದರಿಂದ ಬೇಡ ಎನ್ನುವ ಹಕ್ಕು ನನಗಿಲ್ಲ. ಲಾರಿಯ ಡ್ರೈವರನಿಗೆ ಹೇಳಿ ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಹೇಳಿದ ಹಾಗೆ ಮಾಡುತ್ತೇನೆ.

ತಮ್ಮ


ಗಣಿ ಕ್ಯಾಂಪ್
ಏಪ್ರಿಲ್ 10

ತಮ್ಮಾ,

ಇದು ನಾನು ಬರೆದ ಎರಡನೇ ಕಾಗದ. ಮೊದಲನೆಯದರಲ್ಲಿ 'ಕೂರಿಸು, ಮಾರು' ಎಂದು ಬರೆದಿದ್ದೆ. ಆ ಮುದುಕರು ಯಾರೋ ನಮಗೇನು, ನಮ್ಮದು ಹೋದಾಗ ಯಾರು ಬಂದರು, ಎಂದೆಲ್ಲ ಬರೆದಿದ್ದೆ. ಚೆನ್ನಾಗಿಯೇ ಬರೆದಿದ್ದೆ. ಮಡಚುವಾಗ ಕೈ ಬರಲಿಲ್ಲ. ಹೊಸ ಅಡುಗೆಯವನು ಒಲೆ ಹಚ್ಚಲು ಕಾಗದ ಕೇಳಿದ, ಅದನ್ನೇ ಕೊಟ್ಟೆ.

ಮಾಲೀಕಮ್ಮನಿಗೂ ಬರೆದಿದ್ದೇನೆ, ಅಂಗಡಿ ಚಪ್ಪಲಿಯವನಿಗೇ ಕೊಡಿ ಎಂದು. ಬರೆಯುವಾಗ ಕೋಪ ಬಂತು, ಈಗಲೂ ಇದೆ. ನಿನ್ನ ಮೇಲೆ, ಆ ಮೇಷ್ಟ್ರ ಮೇಲೆ, ಆ ಯಂತ್ರದ ಮೇಲೆ, ನಿನ್ನ ಒಂದು ಮಾತಿಗೆ ನೆಲೆ ಬಿಟ್ಟ ನನ್ನ ಮೇಲೆ. ಆ ಕಿಟಕಿಯನ್ನು ನಾನು ನೋಡಿಯೂ ಇಲ್ಲ, ಆದರೂ ಅದನ್ನು ಕಳೆದುಕೊಂಡ ಹಾಗೆ ದುಃಖವಾಗುತ್ತಿದೆ.

ಬ್ಯಾಂಡಿನವರಿಗೆ ಬರಬೇಡಿ ಎಂದು ಹೇಳು. ಗುರುವಾರ ತರಕಾರಿ ಲಾರಿಯಲ್ಲಿ ನಾನು ಬರುತ್ತೇನೆ. ನಿನ್ನ ಕೋಣೆಯಲ್ಲಿ ಹಾಸಲು ಇನ್ನೊಂದು ಚಾಪೆ ಇದೆಯೋ ಇಲ್ಲವೋ, ಇಲ್ಲದಿದ್ದರೆ ತಂದಿಡು. ರೀಡುಗಳನ್ನು ಬಟ್ಟೆಯಲ್ಲಿ ಸುತ್ತಿ ಅವು ಬಂದ ಡಬ್ಬದಲ್ಲೇ ಇಡು, ಡಬ್ಬದ ಮೇಲೆ ಕಳಿಸಿದವರ ವಿಳಾಸ ಇದ್ದೇ ಇರುತ್ತದೆ. ಬಸ್ಸಿಗೆ ಹೋಗೋಣ. ಇದನ್ನು ಕೊರಿಯರ್‌ನಲ್ಲಿ ಕಳಿಸುವುದಲ್ಲ.

ನೀನು ಮಾಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಇಟ್ಟುಕೋ. ಅವರ ಖಾತೆಯ ಬೀಗ ತೆಗೆಸಲು ಅದು ಬೇಕಾಗುತ್ತದೆ. ಅದರಿಂದ ನಿನಗೆ ಏನಾಗುತ್ತದೋ ನನಗೆ ಗೊತ್ತಿಲ್ಲ, ಆಗಲಿ. ಬಾಗಿಲು ತಟ್ಟುವವನು ನೀನು. 'ಅದಲು ಬದಲು ಆದದ್ದಲ್ಲ, ನಾನೇ ಮಾಡಿದ್ದು' ಎಂದು ಹೇಳುವವನೂ ನೀನೇ. ಅವರು ಬೈದರೆ ಬೈಯಲಿ, ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಬೈಯದೆ 'ಬನ್ನಿ, ಕೂತ್ಕೊಳ್ಳಿ' ಎಂದುಬಿಟ್ಟರೆ ಏನು ಮಾಡಬೇಕೋ ನನಗೂ ತಿಳಿಯದು.

ಅಕ್ಕ